ಐವತ್ತೆರಡನೇ ಜೆರ್ಸಿಯ ಅಂಕ

ಹದಿನಾಲ್ಕು ಡಿಗ್ರಿ ಸೆಲ್ಸಿಯಸ್. ಗ್ರಾಫಿನ ಗೆರೆ ಮೂವತ್ತಾರರ ಹತ್ತಿರ ನೆಟ್ಟಗೆ ಸಾಗಿ, ಪಂದ್ಯದ ಅರ್ಧ ಭಾಗ ಮುಗಿಯುವ ಸ್ವಲ್ಪ ಮುಂಚೆ ಇಳಿಯತೊಡಗಿ, ಹದಿನಾಲ್ಕಕ್ಕೆ ಬಂದು ನಿಂತಿತ್ತು. ಆಮೇಲೆ ಆಟ ಮುಗಿಯುವವರೆಗೂ ಅಲುಗಿರಲಿಲ್ಲ. ಅದು ಒಬ್ಬ ಆಟಗಾರನ ಬಾಯಿಯೊಳಗಿನ ಉಷ್ಣತೆಯನ್ನು ತೋರಿಸಬೇಕಾಗಿದ್ದ ಗೆರೆ. ಆ ಭಾನುವಾರ ಮೈದಾನದ ಗಾಳಿಯ ಉಷ್ಣತೆಯೂ ಹದಿನಾಲ್ಕು ಡಿಗ್ರಿಯೇ ಇತ್ತು.

ಇದು ಮೂರು ವರ್ಷದ ಹಿಂದಿನ ಮಾತು. ನಾನು ಜಪಾನಿನ ಫುಕುವೋಕಾದ ಒಂದು ಸಣ್ಣ ಕಂಪನಿಯಲ್ಲಿ ಡೇಟಾ ಅನಲಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಂಶೋಧನೆ ಮಾಡಿ ಸೇರಿದ ಮೊದಲ ಕೆಲಸ ಅದು. ಕಂಪನಿಯಲ್ಲಿ ಇಪ್ಪತ್ತು ಜನರೂ ಇರಲಿಲ್ಲ. ನಾವು ತಯಾರಿಸುತ್ತಿದ್ದದ್ದು ಸೆನ್ಸರ್ ಇರುವ ಮೌತ್‌ಗಾರ್ಡ್. ಡಿಕ್ಕಿಯಾಗುವ ಆಟಗಳಲ್ಲಿ ಹಲ್ಲು ಮುರಿಯದಂತೆ ಬಾಯಲ್ಲಿ ಕಚ್ಚಿಕೊಳ್ಳುವ ಮೆತ್ತನೆಯ ಅಚ್ಚು ಇರುತ್ತದಲ್ಲ, ಅದೇ. ನಮ್ಮದರೊಳಗೆ ಅಕ್ಕಿಕಾಳಿನಷ್ಟು ದೊಡ್ಡ ಎರಡು ಚಿಪ್‌ಗಳಿದ್ದವು. ಮೇಲ್ದವಡೆಯ ಹಲ್ಲು ತಲೆಬುರುಡೆಗೆ ಭದ್ರವಾಗಿ ಅಂಟಿಕೊಂಡಿರುವುದರಿಂದ, ಹಲ್ಲು ಅಲುಗಿದಷ್ಟೂ ತಲೆ ಅಲುಗಿದೆ ಎಂದರ್ಥ. ಒಂದು ಚಿಪ್ ಆ ಅಲುಗಾಟವನ್ನು ಅಳೆಯುತ್ತಿತ್ತು. ಇನ್ನೊಂದು ಉಷ್ಣತೆಯನ್ನು ನೋಡಿ, ವಸ್ತು ಬಾಯಲ್ಲಿದೆಯೋ ಹೊರಗಿದೆಯೋ ಎಂದು ತಿಳಿಸುತ್ತಿತ್ತು.

ಆ ವರ್ಷ ನಮ್ಮ ಭಾಗದ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಲೀಗ್ ನಮ್ಮೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಫುಟ್‌ಬಾಲ್ ಎಂದರೆ ನಮ್ಮವರು ತಿಳಿಯುವ ಕಾಲ್ಚೆಂಡಾಟ ಅಲ್ಲ. ಹೆಲ್ಮೆಟ್ ಹಾಕಿ, ಭುಜಕ್ಕೆ ಪ್ಯಾಡ್ ಕಟ್ಟಿ, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವವನನ್ನು ನೆಲಕ್ಕೆ ಕೆಡವುವ ಅಮೆರಿಕದ ಫುಟ್‌ಬಾಲ್. ಜಪಾನಿನ ಕಾಲೇಜು ಹುಡುಗರು ಇದನ್ನು ಎಷ್ಟು ಶ್ರದ್ಧೆಯಿಂದ ಆಡುತ್ತಾರೆ ಎಂಬುದು ಬರುವವರೆಗೆ ನನಗೂ ಗೊತ್ತಿರಲಿಲ್ಲ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಲೀಗ್. ಕೊನೆಗೆ, ಒಂದೊಂದು ಸ್ಥಾನಕ್ಕೂ ಒಬ್ಬೊಬ್ಬರಂತೆ ಋತುವಿನ ಶ್ರೇಷ್ಠ ಆಟಗಾರರನ್ನು ಆರಿಸಿ ಗೌರವಿಸುತ್ತಾರೆ. ಡಿಸೆಂಬರ್ ಮೊದಲ ಶನಿವಾರ ಸಮಾರಂಭ, ಮಾರನೇ ದಿನ ಆ ಗೌರವ ಪಡೆದವರೆಲ್ಲ ಒಂದು ತಂಡವಾಗಿ ಪಕ್ಕದ ಪ್ರಾಂತ್ಯದ ಶ್ರೇಷ್ಠರ ಎದುರು ಆಡುವ ಪಂದ್ಯ. ನಾಲ್ಕನೇ ವರ್ಷದ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರಿಗೆ ಅದು ಜೀವನದ ಕೊನೆಯ ಆಟ. ಏಪ್ರಿಲ್ ಬಂತೆಂದರೆ ಕಪ್ಪು ಸೂಟು ಹಾಕಿಕೊಂಡು ಯಾವುದೋ ಆಫೀಸಿಗೆ ಹೋಗುವವರೇ ಎಲ್ಲ.

ನಮ್ಮ ಒಪ್ಪಂದದಲ್ಲಿ ಎರಡು ಕೆಲಸಗಳಿದ್ದವು. ಮೊದಲನೆಯದು ಸುರಕ್ಷತೆ. ತಲೆಗೆ ಒಂದು ಮಿತಿಗಿಂತ ಜೋರಾದ ಪೆಟ್ಟು ಬಿದ್ದಿದ್ದರೆ ತಂಡಕ್ಕೆ ತಿಳಿಸುವುದು. ಅಂಥ ಆಟಗಾರನನ್ನು ವೈದ್ಯರು ನೋಡಬೇಕು. ಮಿದುಳಿಗೆ ಆಘಾತವಾಗಿದೆ ಎಂದಾದರೆ ಅವನು ಹಂತ ಹಂತವಾಗಿ, ವಾರಕ್ಕೂ ಹೆಚ್ಚು ಸಮಯ ತೆಗೆದುಕೊಂಡೇ ಮೈದಾನಕ್ಕೆ ಮರಳಬೇಕು. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ, ಅದು ಸಣ್ಣದಾಗಿದ್ದರೂ, ಮಿದುಳು ನಿಮಿಷಗಳಲ್ಲಿ ಊದಿಕೊಳ್ಳಬಹುದು. ಅದರಿಂದ ಸತ್ತ ಎಳೆಯರ ಬಗ್ಗೆ ನಾನು ತರಬೇತಿಯಲ್ಲಿ ಓದಿದ್ದೆ.

ಎರಡನೆಯ ಕೆಲಸ ನನ್ನದೇ ಕಲ್ಪನೆ. ಟ್ಯಾಕಲ್, ಅಂದರೆ ಹಾಗೆ ಹಿಡಿದು ಕೆಡವಿದ್ದು, ಎಷ್ಟು ಎಂದು ಎಣಿಸುವುದು ಸುಲಭ, ಎಷ್ಟು ಚೆನ್ನಾಗಿತ್ತು ಎಂದು ಹೇಳುವುದು ಕಷ್ಟ. ಓಡಿಬರುವವನನ್ನು ಎದುರಾಳಿ ಎಷ್ಟು ಗಟ್ಟಿಯಾಗಿ ತಡೆದ ಎಂಬುದಕ್ಕೆ ನಾನು ಒಂದು ಅಂಕ ಲೆಕ್ಕ ಹಾಕಿದೆ. ಅದಕ್ಕೆ ಸ್ಟಾಪ್ ಸ್ಕೋರ್ ಎಂದು ಹೆಸರಿಟ್ಟೆ. ಬೆನ್ನಿಗೆ ಹಾಕುವ ಬನಿಯನ್ನಿನ ಸೆನ್ಸರ್, ಮೌತ್‌ಗಾರ್ಡ್‌ನ ಸೆನ್ಸರ್ ಎರಡರಿಂದಲೂ ಬರುವ ಮಾಹಿತಿ ಸೇರಿ ಆ ಅಂಕವಾಗುತ್ತಿತ್ತು. ಬೆನ್ನಿನ ಸೆನ್ಸರ್ ಸಡಿಲವಾಗಿ ಕುಣಿಯುತ್ತಿದ್ದುದರಿಂದ ಅದರ ಗೆರೆಗಳು ಗಲೀಜಾಗಿದ್ದವು. ಹಲ್ಲಿನದು ಸ್ವಚ್ಛವಾಗಿತ್ತು. ಆದ್ದರಿಂದ ಹಲ್ಲಿನ ಮಾಹಿತಿಗೆ ಎರಡರಷ್ಟು ತೂಕ ಕೊಟ್ಟೆ. ಸ್ವಚ್ಛವಾದ ಡೇಟಾ ಸಿಕ್ಕರೆ ನನ್ನಂಥವರಿಗೆ ಆಗುವ ಸಂತೋಷವನ್ನು ಬೇರೆಯವರಿಗೆ ವಿವರಿಸುವುದು ಕಷ್ಟ. ಅದು ಸ್ವಚ್ಛವಾಗಿದೆ ಎಂಬುದೇ ಸರಿಯಾಗಿದೆ ಎಂಬುದಕ್ಕೂ ಸಾಕ್ಷಿ ಎಂದುಕೊಂಡುಬಿಡುತ್ತೇವೆ.

ಪ್ರತಿ ಸೋಮವಾರ ಈ ಅಂಕಗಳ ಪಟ್ಟಿ ತಂಡಗಳಿಗೆ ಹೋಗುತ್ತಿತ್ತು. ತಂಡಗಳು ಅದನ್ನು ಪ್ರಿಂಟ್ ತೆಗೆದು ಕ್ಲಬ್ ಕೋಣೆಯ ಬಾಗಿಲಿಗೆ ಅಂಟಿಸುತ್ತಿದ್ದವು. ಇಲ್ಲಿ ಹಾಗೆ: ಬಾಗಿಲಿಗೆ ಅಂಟಿಸಿದ್ದನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ, ಯಾರೂ ಓದದೆ ಒಳಗೆ ಹೋಗುವುದೂ ಇಲ್ಲ. ಶ್ರೇಷ್ಠ ಆಟಗಾರರನ್ನು ಆರಿಸುವ ಸಮಿತಿಯ ಮುಂದೆಯೂ ಆ ವರ್ಷ ಮೊದಲ ಬಾರಿಗೆ ನನ್ನ ಅಂಕದ ಕಾಲಂ ಇರುತ್ತದೆ ಎಂದು ತಿಳಿದಾಗ ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ನಾನು ಕೆಲಸದ ವಿಷಯ ಮನೆಯಲ್ಲಿ ಹೇಳುವವಳಲ್ಲ.

ನಾಗಾವೋ ಎಂಬ ಹುಡುಗ ಲೈನ್‌ಬ್ಯಾಕರ್. ರಕ್ಷಣೆಯ ಸಾಲಿನ ಹಿಂದೆ ನಿಂತು, ನುಗ್ಗಿ ಬರುವವನಿಗೆ ಎದುರಾಗಿ ಡಿಕ್ಕಿ ಹೊಡೆದು ಕೆಡವುವ ಸ್ಥಾನ ಅದು. ಜೆರ್ಸಿ ನಂಬರ್ ಐವತ್ತೆರಡು. ನಾಲ್ಕನೇ ವರ್ಷ. ಮೊದಲ ಮೂರು ವರ್ಷ ಬೆಂಚಿನ ಮೇಲೆ ಕುಳಿತಿದ್ದವನು. ಅಕ್ಟೋಬರ್ ಆರಂಭದ ಒಂದು ಮಧ್ಯಾಹ್ನ, ಮೌತ್‌ಗಾರ್ಡ್‌ಗಳ ಚಾರ್ಜಿಂಗ್ ಡಬ್ಬಿ ಬದಲಾಯಿಸಲು ಅವರ ಕ್ಯಾಂಪಸ್ಸಿಗೆ ಹೋಗಿದ್ದಾಗ ಅವನು ನನ್ನ ಹತ್ತಿರ ಬಂದು, "ಸುಮಿಮಾಸೆನ್, ಕ್ಷಮಿಸಿ, ಒಂದು ನಿಮಿಷ ಸಿಗಬಹುದೇ" ಎಂದ. ಪಟ್ಟಿಯಲ್ಲಿ ತಾನು ಒಂಬತ್ತನೆಯವನು, ಮೊದಲ ಸ್ಥಾನದಲ್ಲಿರುವವನಿಗೂ ತನಗೂ ಏನು ವ್ಯತ್ಯಾಸ ಎಂದು ತಿಳಿಯಬೇಕು ಎಂದು ಕೇಳಿದ. ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್ಕಿತ್ತು.

ಅಷ್ಟು ಶ್ರದ್ಧೆಯಿಂದ ಕೇಳುವ ವಿದ್ಯಾರ್ಥಿಯನ್ನು ಯಾರು ತಾನೇ ಕಳಿಸಿಬಿಡುತ್ತಾರೆ? ನಾನು ಹದಿನೈದು ನಿಮಿಷ ವಿವರಿಸಿದೆ. ಡಿಕ್ಕಿಯ ಕ್ಷಣದಲ್ಲಿ ಎಷ್ಟು ಬೇಗ ವೇಗ ಸೊನ್ನೆಯಾಗುತ್ತದೋ ಅಷ್ಟು ಅಂಕ, ಅದರಲ್ಲಿ ಹೆಚ್ಚಿನ ಪಾಲು ಹಲ್ಲಿನ ಸೆನ್ಸರಿನದು ಎಂದೆ. ಅವನು ಬರೆದುಕೊಂಡ. ಒಂದೇ ಒಂದು ಪ್ರಶ್ನೆ ಮರಳಿ ಕೇಳಿದ: "ಹಾಗಾದರೆ ಭುಜಕ್ಕಿಂತ ತಲೆ ಮುಖ್ಯ?" ಲೆಕ್ಕದ ಮಟ್ಟಿಗೆ ಹೌದು ಎಂದೆ. ಅವನು ಸೊಂಟ ಬಗ್ಗಿಸಿ ವಂದಿಸಿ ಹೋದ.

ಮುಂದಿನ ಪಂದ್ಯದ ನಂತರ ಅವನು ಆರನೆಯವನಾದ. ಆಮೇಲೆ ಮೂರನೆಯವನು. ನವೆಂಬರ್‌ನಲ್ಲಿ ಸತತವಾಗಿ ಮೊದಲಿಗ. ನಾನು ಆ ಏರಿಕೆಯನ್ನು ನೋಡಿ, ಡೇಟಾ ಕೊಟ್ಟರೆ ಮನುಷ್ಯ ಹೇಗೆ ಬೆಳೆಯುತ್ತಾನೆ ಎಂಬುದಕ್ಕೆ ಉದಾಹರಣೆ ಎಂದು ನಮ್ಮ ಕಂಪನಿಯ ಪ್ರೆಸೆಂಟೇಶನ್ನಿನಲ್ಲಿ ಹಾಕಿದ್ದೆ. ಲೀಗಿನ ಕೊನೆಯ ಪಂದ್ಯಕ್ಕೂ ಮುನ್ನವೇ ಸಮಿತಿ ಹೆಸರುಗಳನ್ನು ಪ್ರಕಟಿಸಿತು. ಋತುವಿನ ಶ್ರೇಷ್ಠ ಲೈನ್‌ಬ್ಯಾಕರ್: ನಾಗಾವೋ.

ಆ ಕೊನೆಯ ಪಂದ್ಯದ ಮಾರನೇ ದಿನ, ಸೋಮವಾರ ಬೆಳಿಗ್ಗೆ, ನನ್ನ ಪರದೆಯ ಮೇಲೆ ಹದಿನಾಲ್ಕು ಡಿಗ್ರಿ ಕಂಡಿತು.

ನಮ್ಮ ಮೌತ್‌ಗಾರ್ಡ್ ಆಟದ ನಡುವೆ ಏನನ್ನೂ ಕಳಿಸುತ್ತಿರಲಿಲ್ಲ. ಪಂದ್ಯ ಮುಗಿದ ಮೇಲೆ ಡಬ್ಬಿಯಲ್ಲಿಟ್ಟಾಗ ಮಾಹಿತಿ ನಮಗೆ ಬರುತ್ತಿತ್ತು. ಪಂದ್ಯದ ನಾಲ್ಕು ಕ್ವಾರ್ಟರ್‌ಗಳಲ್ಲಿ ಎರಡನೆಯದರ ಕೊನೆಯಲ್ಲಿ ಒಂದು ದೊಡ್ಡ ಪೆಟ್ಟು ದಾಖಲಾಗಿತ್ತು, ಆ ಋತುವಿನಲ್ಲಿ ಯಾವ ಆಟಗಾರನ ತಲೆಗೂ ಬಿದ್ದಿರದಷ್ಟು ದೊಡ್ಡದು. ಅದಾಗಿ ನಲವತ್ತು ಸೆಕೆಂಡಿಗೆ ಉಷ್ಣತೆ ಇಳಿಯತೊಡಗಿತ್ತು. ಆದರೆ ವಿಡಿಯೋದಲ್ಲಿ ಐವತ್ತೆರಡನೇ ನಂಬರ್ ಮೂರನೇ, ನಾಲ್ಕನೇ ಕ್ವಾರ್ಟರ್‌ನಲ್ಲೂ ಆಡುತ್ತಲೇ ಇದ್ದ. ಅಂದರೆ ನಮ್ಮದನ್ನು ತೆಗೆದಿಟ್ಟು, ಸೆನ್ಸರ್ ಇಲ್ಲದ ಸಾಮಾನ್ಯ ಮೌತ್‌ಗಾರ್ಡ್ ಕಚ್ಚಿಕೊಂಡು ಆಡಿದ್ದ.

ನಿಯಮದಂತೆ ತಂಡಕ್ಕೆ ಎಚ್ಚರಿಕೆಯ ಮೇಲ್ ಕಳಿಸಿದೆ. ಮಧ್ಯಾಹ್ನವೇ ಉತ್ತರ ಬಂತು, ಬಹಳ ವಿನಯವಾಗಿ. ಮೌತ್‌ಗಾರ್ಡ್ ಒಸಡಿಗೆ ಒತ್ತುತ್ತಿದ್ದುದರಿಂದ ಆಟಗಾರ ಅದನ್ನು ತೆಗೆದ, ತೆಗೆಯುವಾಗ ನೆಲಕ್ಕೆ ಬಿತ್ತು, ನೀವು ಕಂಡ ಪೆಟ್ಟು ಅದೇ ಇರಬೇಕು. ಆಟಗಾರನನ್ನು ಕೇಳಿದ್ದೇವೆ, ದೈಜೋಬು ಎಂದಿದ್ದಾನೆ. ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ.

ದೈಜೋಬು ಎಂದರೆ ಪರವಾಗಿಲ್ಲ, ಸರಿಯಾಗಿದ್ದೇನೆ ಎಂದರ್ಥ. ಈ ದೇಶದಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು. ಮಿದುಳಿನ ಆಘಾತದ ಪರೀಕ್ಷೆ ನಿಂತಿರುವುದೇ ಆಟಗಾರ ತನಗೆ ಏನಾಗುತ್ತಿದೆ ಎಂದು ಬಾಯಿಬಿಟ್ಟು ಹೇಳುವುದರ ಮೇಲೆ.

ನೆಲಕ್ಕೆ ಬಿದ್ದರೆ ಅಂಥ ಗೆರೆ ಬರಬಹುದೇ ಎಂದು ತಿಳಿಯಲು ಪ್ರಸನ್ನ ಅವರ ಬಳಿ ಹೋದೆ. ಸೆನ್ಸರಿನ ಒಳಗಿನ ಪ್ರೋಗ್ರಾಂ ಬರೆದವರು ಅವರೇ. ಬಸವನಗುಡಿಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು, ಆಫೀಸಿನಲ್ಲಿ ನಾನು ಕನ್ನಡ ಮಾತಾಡಬಹುದಾದ ಒಬ್ಬರೇ ವ್ಯಕ್ತಿ.

"ಏನ್ ಮೇಡಂ, ಸೋಮವಾರಾನೇ ನನ್ ಸೆನ್ಸರ್ ಮೇಲೆ ಕಂಪ್ಲೇಂಟಾ? ಕಾಫಿ ಕುಡಿಯೋಕಾದ್ರೂ ಬಿಡ್ರಿ," ಎಂದರು.

ಗ್ರಾಫ್ ತೋರಿಸಿದೆ. ಕಾಫಿ ಮಗ್ಗನ್ನು ಪಕ್ಕಕ್ಕಿಟ್ಟರು. ಆಮೇಲೆ ಒಂದು ಗಂಟೆ ನಾವಿಬ್ಬರೂ ಹಿತ್ತಲ ಕಾಂಕ್ರೀಟಿನ ಮೇಲೆ ಅದೇ ಮಾದರಿಯ ಮೌತ್‌ಗಾರ್ಡನ್ನು ಬೀಳಿಸುತ್ತ ಕುಳಿತೆವು. ಸೊಂಟದ ಎತ್ತರದಿಂದ, ತಲೆಯ ಎತ್ತರದಿಂದ, ಹುಲ್ಲಿನ ಚಾಪೆಯ ಮೇಲೆ, ಹೆಲ್ಮೆಟ್ಟಿನ ಒಳಗೆ. ಬಿಸಿನೀರಿನ ಲೋಟದಲ್ಲಿ ಮೂವತ್ತಾರಕ್ಕೆ ತಂದು ಹೊರತೆಗೆದು, ಎಷ್ಟು ಹೊತ್ತಿಗೆ ಆರುತ್ತದೆ ಎಂದೂ ನೋಡಿದೆವು. ಬಾಯಿಯ ಉಷ್ಣತೆಯಲ್ಲೇ ಪರೀಕ್ಷೆಯಾಗಲಿ ಎಂದು ಪ್ರಸನ್ನ ಒಂದನ್ನು ತಾವೇ ಕಚ್ಚಿಕೊಂಡು, ಅದನ್ನು ಕಚ್ಚಿಕೊಂಡೇ "ನನ್ ಹೆಂಡ್ತಿಗೆ ಫೋಟೋ ಕಳಿಸ್ಬೇಡಿ, ಇಷ್ಟು ಹೊತ್ತು ಬಾಯಿ ಮುಚ್ಚಿರೋದನ್ನ ಅವಳು ನೋಡೇ ಇಲ್ಲ" ಎಂದು ಗೊಣಗಿದರು.

ಬಿದ್ದ ಪೆಟ್ಟಿನ ಗೆರೆ ಚೂಪಾಗಿ ಎದ್ದು ಕ್ಷಣದಲ್ಲೇ ಇಳಿಯುತ್ತಿತ್ತು. ನಾಗಾವೋನದು ಹಾಗಿರಲಿಲ್ಲ. ಅದಕ್ಕೆ ಅಗಲವಿತ್ತು, ತಿರುಚಿತ್ತು, ಕತ್ತಿನ ಮೇಲೆ ತಲೆ ಗಿರ್ರನೆ ತಿರುಗಿ ಹಿಂದಕ್ಕೆ ಬಂದ ಗುರುತಿತ್ತು. ಅದಕ್ಕಿಂತ ಮುಖ್ಯವಾಗಿ, ಪೆಟ್ಟು ಬಿದ್ದಾಗ ಉಷ್ಣತೆ ಮೂವತ್ತಾರೇ ಇತ್ತು.

ಪ್ರಸನ್ನ ಮೌತ್‌ಗಾರ್ಡನ್ನು ತೆಗೆದು ಒರೆಸಿಕೊಂಡರು. "ಇದು ಬಾಯಲ್ಲಿದ್ದಾಗಲೇ ಬಿದ್ದ ಪೆಟ್ಟು, ರಶ್ಮಿ," ಎಂದರು. ಮೇಡಂ ಎನ್ನಲಿಲ್ಲ.

ಈ ಪರೀಕ್ಷೆಯ ವರದಿಯನ್ನೂ ತಂಡಕ್ಕೆ ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥ ಹಯಾಶಿದಾ ಸಾನ್ ಎರಡೂ ಮೇಲ್‌ಗಳನ್ನು ಓದಿದರು. ಇಲ್ಲಿ ಹೆಸರಿಗೆ ಸೇರಿಸುವ ಸಾನ್ ನಮ್ಮಲ್ಲಿನ 'ಅವರು' ಇದ್ದಂತೆ. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ತಿಳಿಸುವುದು ನಮ್ಮ ಕೆಲಸ, ತಿಳಿಸಿದ್ದೇವೆ, ನಾವು ವೈದ್ಯರಲ್ಲ ಎಂದರು. ಅದು ಸುಳ್ಳಾಗಿರಲಿಲ್ಲ.

ಬುಧವಾರ ನಾನು ಎರಡು ತಿಂಗಳ ಮೊದಲೇ ಮಾಡಬೇಕಾಗಿದ್ದ ಒಂದು ಕೆಲಸ ಮಾಡಿದೆ. ನಾಗಾವೋನ ಋತುವಿನ ಅಂಕವನ್ನು ಎರಡಾಗಿ ಬಿಡಿಸಿದೆ. ಬೆನ್ನಿನ ಸೆನ್ಸರಿನದು ಒಂದು ಗೆರೆ, ಹಲ್ಲಿನದು ಇನ್ನೊಂದು. ಸೆಪ್ಟೆಂಬರ್ ತಿಂಗಳಿಡೀ ಎರಡೂ ಅಕ್ಕಪಕ್ಕದಲ್ಲಿ ನಡೆದಿದ್ದವು. ಅಕ್ಟೋಬರ್‌ನಲ್ಲಿ ನಾನು ಅವನಿಗೆ ಹದಿನೈದು ನಿಮಿಷ ವಿವರಿಸಿದ ವಾರದ ನಂತರದ ಪಂದ್ಯದಿಂದ ಅವು ಬೇರೆಯಾಗಿದ್ದವು. ಬೆನ್ನಿನ ಗೆರೆ ಇದ್ದಲ್ಲೇ ಇತ್ತು. ಹಲ್ಲಿನ ಗೆರೆ ಪಂದ್ಯದಿಂದ ಪಂದ್ಯಕ್ಕೆ ಮೇಲೇರಿತ್ತು. ಅವನು ಹೆಚ್ಚು ಚೆನ್ನಾಗಿ ಟ್ಯಾಕಲ್ ಮಾಡುತ್ತಿರಲಿಲ್ಲ. ಭುಜ ಕೊಡುತ್ತಿದ್ದ ಜಾಗದಲ್ಲಿ ತಲೆ ಕೊಡುತ್ತಿದ್ದ, ಅಷ್ಟೇ.

ವಿಡಿಯೋಗಳನ್ನು ಮತ್ತೆ ನೋಡಿದೆ. ಒಮ್ಮೆ ಕಂಡ ಮೇಲೆ ಬೇರೇನೂ ಕಾಣಲಿಲ್ಲ. ಪ್ರತಿ ಸಲವೂ ಕೊನೆಯ ಹೆಜ್ಜೆಯಲ್ಲಿ ಗಲ್ಲ ತಗ್ಗಿಸಿ, ಹೆಲ್ಮೆಟ್ಟಿನ ನೆತ್ತಿಯನ್ನು ಮುಂದೆ ಮಾಡುತ್ತಿದ್ದ. ನನ್ನ ಅಂಕಕ್ಕೆ ಹೊಂದುವಂತೆ ಆಡುವುದನ್ನು ಅವನು ಬಹಳ ಚೆನ್ನಾಗಿ ಕಲಿತಿದ್ದ. ಸಮಿತಿಯವರು ಅವನನ್ನು ಆರಿಸಿದ್ದೂ ಅದೇ ಕಾಲಂ ನೋಡಿ.

ಶನಿವಾರದ ಸಮಾರಂಭ ಮಧ್ಯಾಹ್ನ ಎರಡಕ್ಕೆ, ಒಂದು ಹೋಟೆಲಿನ ಸಭಾಂಗಣದಲ್ಲಿ. ಹೊಸ ಅಂಕಪದ್ಧತಿಯ ಬಗ್ಗೆ ಯಾರಾದರೂ ಕೇಳಿದರೆ ಹೇಳಲು ಕಂಪನಿಯಿಂದ ನಾನು ಹೋಗಬೇಕಾಗಿತ್ತು. ಗೌರವ ಪಡೆದವರೆಲ್ಲ ತಮ್ಮ ವಿಶ್ವವಿದ್ಯಾಲಯದ ಬ್ಲೇಜರ್ ಹಾಕಿ, ಕೂದಲು ಬಾಚಿ, ಸಾಲಾಗಿ ನಿಂತಿದ್ದರು. ನಾಗಾವೋ ನನ್ನನ್ನು ಕಂಡು ಹತ್ತಿರ ಬಂದು ವಂದಿಸಿ, ಇವತ್ತು ರೈಲಿನಲ್ಲಿ ಬಂದಿರಾ ಎಂದು ಕೇಳಿದ. ಹೌದು, ಎರಡು ಕಡೆ ಬದಲಾಯಿಸಿ ಬಂದೆ ಎಂದೆ. ಹತ್ತು ನಿಮಿಷದ ನಂತರ ನೀರಿನ ಮೇಜಿನ ಹತ್ತಿರ ಮತ್ತೆ ಎದುರಾದ. ಅದೇ ನಗು, ಅದೇ ಧಾಟಿ. "ರಶ್ಮಿ ಸಾನ್, ಇವತ್ತು ರೈಲಿನಲ್ಲಿ ಬಂದಿರಾ?"

ನಾನು ಹೌದು ಎಂದೆ.

ವೇದಿಕೆಯ ಮೇಲೆ ಅವನ ಮೇಲೆ ಬೆಳಕು ಬಿದ್ದಾಗ ಮುಖ ಕಿವುಚಿದ. ಪ್ರಶಸ್ತಿಪತ್ರವನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಇಳಿಯುವ ಮೆಟ್ಟಿಲ ಬಳಿ ಒಂದು ಕ್ಷಣ ನಿಂತು, ಕಾಲಿಡಬೇಕಾದ ಜಾಗವನ್ನು ನೋಡಿಕೊಂಡು ಇಳಿದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಸಭೆ ಮುಗಿದ ಮೇಲೆ ಬೂದು ಬಣ್ಣದ ಸ್ವೆಟರ್ ಹಾಕಿದ್ದ ಹೆಂಗಸೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ನಾಗಾವೋನ ತಾಯಿ. ನಾಗಸಾಕಿಯ ಆಚೆಯ ಒಂದು ದ್ವೀಪದಿಂದ ಹಡಗಿನಲ್ಲಿ ಬಂದಿದ್ದರು. ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟರು, ಅವರ ಊರಿನ ಮೀನಿನ ತಿನಿಸು. ನಾನು ಮೀನು ತಿನ್ನುವುದಿಲ್ಲ. ಎರಡೂ ಕೈಯಿಂದ ತೆಗೆದುಕೊಂಡೆ.

ಮೂರು ವರ್ಷ ನನ್ನ ಮಗ ಇದ್ದಾನೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ ಎಂದರು ಅವರು. ಹೋದ ತಿಂಗಳು ಫೋನಿನಲ್ಲಿ ನಿಮ್ಮ ವಿಷಯ ಹೇಳಿದ, ಒಬ್ಬರು ಭಾರತದ ಮೇಡಂ ಹೇಗೆ ಆಡಬೇಕೆಂದು ತೋರಿಸಿಕೊಟ್ಟರು ಎಂದ. "ನಿಮ್ಮ ಅಂಕದಿಂದಲೇ ಜನ ಅವನನ್ನು ನೋಡಿದರು," ಎಂದು ಹೇಳಿ ತಲೆ ಬಾಗಿಸಿದರು. ನಾನೂ ಬಾಗಿದೆ. ಅವರಿಗಿಂತ ಮೊದಲು ತಲೆಯೆತ್ತಲು ನನಗೆ ಧೈರ್ಯ ಸಾಲಲಿಲ್ಲ.

ಕೋಟುಗಳನ್ನು ತೂಗುಹಾಕಿದ್ದ ಓಣಿಯಲ್ಲಿ ನಾಗಾವೋ ಒಬ್ಬನೇ ಸಿಕ್ಕ. ಹೇಗಿದ್ದೀರಿ ಎಂದು ಕೇಳಿದೆ. ದೈಜೋಬು ಎಂದ.

"ನಾನು ಕೇಳಿದ್ದು ಅದಲ್ಲ. ಹೋದ ಭಾನುವಾರ ಮೂರನೇ ಕ್ವಾರ್ಟರ್‌ನಲ್ಲಿ ಏನಾಯಿತು, ಹೇಳಿ."

ಅವನು ಕೋಟುಗಳ ಕಡೆ ತಿರುಗಿದ. "ವಿಡಿಯೋ ನೋಡಿದ್ದೇನೆ," ಎಂದ.

ಅಂದರೆ ನೆನಪಿರಲಿಲ್ಲ. ತಾನು ಆಡಿದ ಆಟವನ್ನು ಬೇರೆಯವನ ಆಟದಂತೆ ನೋಡಿ ತಿಳಿದುಕೊಂಡಿದ್ದ. ಮೌತ್‌ಗಾರ್ಡ್ ತೆಗೆದಿಟ್ಟದ್ದು ಮಾತ್ರ ನೆನಪಿತ್ತಂತೆ. ಅದು ಬಾಯಲ್ಲಿದ್ದರೆ ಇನ್ನೊಂದು ಪೆಟ್ಟು ದಾಖಲಾಗುತ್ತದೆ, ಆಗ ಗೌರವ ಪಂದ್ಯಕ್ಕೆ ಬಿಡುವುದಿಲ್ಲ ಎಂದು ಆ ಸ್ಥಿತಿಯಲ್ಲೂ ಹೊಳೆದಿತ್ತು. ಈಗ ರಾತ್ರಿ ತಲೆನೋವು, ಓದಲು ಕೂತರೆ ವಾಕರಿಕೆ. ಇದನ್ನೆಲ್ಲ ಅವನು ಯಾವುದೋ ಸಣ್ಣ ಅನಾನುಕೂಲದ ಬಗ್ಗೆ ಹೇಳುವಂತೆ ಹೇಳಿದ.

"ಇನ್ನೊಂದೇ ಪಂದ್ಯ. ನಾಳೆ ಸಂಜೆಯವರೆಗೆ ಸುಮ್ಮನಿರಿ. ದಯವಿಟ್ಟು."

ಹೀಗೆ ಹೇಳಿ, ಬಹಳ ಆಳವಾಗಿ ಬಾಗಿದ. ಮೇಲೇಳುವಾಗ ಪಕ್ಕಕ್ಕೆ ವಾಲಿ ಕೋಟಿನ ಸ್ಟ್ಯಾಂಡನ್ನು ಹಿಡಿದುಕೊಂಡ. ಎರಡು ಕೋಟುಗಳು ನೆಲಕ್ಕೆ ಬಿದ್ದವು. ಅವನು ಕ್ಷಮೆ ಕೇಳುತ್ತ ಅವನ್ನು ಎತ್ತಿ, ಧೂಳು ಕೊಡವಿ, ಮತ್ತೆ ತೂಗುಹಾಕಿದ.

ನಾನು ನೇರವಾಗಿ ಅವನ ಕೋಚ್ ಬಳಿ ಹೋದೆ. ಕಂಡದ್ದನ್ನು ಹೇಳಿದೆ. ಕೋಚ್ ಸಿಟ್ಟಾಗಲಿಲ್ಲ. ತಮಗೂ ಸ್ವಲ್ಪ ಅನುಮಾನವಿದೆ, ಸೋಮವಾರಕ್ಕೆ ಆಸ್ಪತ್ರೆಯಲ್ಲಿ ಸಮಯ ಗೊತ್ತುಮಾಡಿದ್ದೇವೆ ಎಂದರು. ಸೋಮವಾರ ಎಂದರೆ ಪಂದ್ಯದ ಮಾರನೇ ದಿನ. ಅವರಿಗೆ ಅದರಲ್ಲಿ ಏನೂ ತಪ್ಪು ಕಾಣಿಸುತ್ತಿರಲಿಲ್ಲ. ಆ ಸಭಾಂಗಣದಲ್ಲಿದ್ದ ಎಲ್ಲರೂ ಒಳ್ಳೆಯವರೇ, ಎಲ್ಲರೂ ಅವನಿಗೆ ಒಳ್ಳೆಯದನ್ನೇ ಬಯಸುತ್ತಿದ್ದರು, ಎಲ್ಲರೂ ಸೇರಿ ಅವನನ್ನು ಮಾರನೇ ದಿನ ಹನ್ನೊಂದು ಗಂಟೆಯ ಆಟಕ್ಕೆ ಕಳಿಸುತ್ತಿದ್ದರು.

ಉಳಿದದ್ದು ಒಂದೇ ದಾರಿ. ಗೌರವ ಪಂದ್ಯಕ್ಕೆ ಯಾವ ತಂಡಕ್ಕೂ ಸೇರದ ವೈದ್ಯರೊಬ್ಬರು ಇರುತ್ತಾರೆ. ಲಿಖಿತ ಮಾಹಿತಿ ಬಂದರೆ ಅವರು ಆಟಗಾರನನ್ನು ಪರೀಕ್ಷಿಸಿ ತಡೆಯಬಹುದು. ಸಂಜೆ ಐದಕ್ಕೆ ಮನೆಗೆ ಬಂದು ಹಯಾಶಿದಾ ಸಾನ್‌ಗೆ ಫೋನ್ ಮಾಡಿ, ಕಂಪನಿಯಿಂದ ಒಂದು ಪತ್ರ ಬೇಕು ಎಂದೆ. ಕೇವಲ ಪೆಟ್ಟಿನ ವಿಷಯವಲ್ಲ, ನಮ್ಮ ಅಂಕವೇ ತಪ್ಪು, ಅದು ತಲೆಯಿಂದ ಹೊಡೆಯುವವನಿಗೆ ಹೆಚ್ಚು ಕೊಡುತ್ತದೆ, ಅದನ್ನೂ ಬರೆಯಬೇಕು ಎಂದೆ.

ಹಿನ್ನೆಲೆಯಲ್ಲಿ ಟಿವಿಯ ಸದ್ದು ಕೇಳುತ್ತಿತ್ತು.

"ಕಂಪನಿಯ ಪತ್ರ ಎಂದರೆ ಅದಕ್ಕೆ ಹಾಂಕೋ ಬೇಕು," ಎಂದರು. ಹಾಂಕೋ ಎಂದರೆ ಕಂಪನಿಯ ಮುದ್ರೆ. ಅದು ಒತ್ತದಿದ್ದರೆ ಇಲ್ಲಿ ಯಾವ ಕಾಗದವೂ ಕಂಪನಿಯ ಕಾಗದವಲ್ಲ. "ಮುದ್ರೆ ನಿರ್ದೇಶಕರ ಡ್ರಾಯರಿನಲ್ಲಿದೆ. ಸೋಮವಾರ ತೆರೆಯುತ್ತಾರೆ."

ಪಂದ್ಯ ನಾಳೆ ಹನ್ನೊಂದಕ್ಕೆ ಎಂದೆ.

"ರಶ್ಮಿ ಸಾನ್, ನಾನೀಗ ಫೋನ್ ಇಡುತ್ತೇನೆ. ನೀವು ನಿಮ್ಮ ಹೆಸರಿನಲ್ಲಿ ಏನಾದರೂ ಬರೆಯುತ್ತೀರಾ ಎಂದು ನಾನು ಕೇಳಲಿಲ್ಲ."

ಕೇಳಿದ್ದರೆ ಅವರು ನನ್ನನ್ನು ತಡೆಯಲೇಬೇಕಾಗುತ್ತಿತ್ತು. ಅವರು ಹಾಗೆ ಕೇಳದೆ ಇದ್ದದ್ದು ಎಷ್ಟು ದೊಡ್ಡ ಉಪಕಾರ ಎಂದು ಅರ್ಥವಾಗಲು ನನಗೆ ಜಪಾನಿನಲ್ಲಿ ಕಳೆದ ನಾಲ್ಕು ವರ್ಷ ಬೇಕಾಗಿತ್ತು. ಮನೆಯ ಕೆಳಗೆ ಹಗಲೂ ರಾತ್ರಿಯೂ ತೆರೆದಿರುವ ಕೊಂಬಿನಿ ಅಂಗಡಿಯಲ್ಲಿ ಎರಡು ಗೆರೆಗಳ ಗ್ರಾಫನ್ನು ಪ್ರಿಂಟ್ ತೆಗೆದೆ. ಒಂದು ಪುಟದಲ್ಲಿ ಎಲ್ಲವನ್ನೂ ಬರೆದೆ. ಪೆಟ್ಟು, ಉಷ್ಣತೆ, ಓಣಿಯಲ್ಲಿ ನಾನು ಕಂಡದ್ದು. ಕೊನೆಯ ಪ್ಯಾರಾದಲ್ಲಿ, ಈ ಆಟಗಾರ ತಲೆಯಿಂದ ಹೊಡೆಯಲು ಶುರುಮಾಡಿದ್ದು ನಾನು ಅಂಕದ ಲೆಕ್ಕವನ್ನು ವಿವರಿಸಿದ ಮೇಲೆ, ಆ ಅಂಕವನ್ನು ಯಾವ ಗೌರವಕ್ಕೂ ಆಧಾರವಾಗಿ ಬಳಸಬಾರದು ಎಂದು ಬರೆದು ಸಹಿ ಮಾಡಿದೆ. ಅಷ್ಟಕ್ಕೆ ಅವನ ಪ್ರಶಸ್ತಿಯೂ ಪ್ರಶ್ನೆಗೊಳಗಾಗುತ್ತದೆ ಎಂದು ಗೊತ್ತಿತ್ತು. ಆಟಗಾರರ ಮಾಹಿತಿಯನ್ನು ಹೊರಗಿನವರಿಗೆ ಕೊಡುವುದಿಲ್ಲ ಎಂದು ನಾನು ಬರೆದುಕೊಟ್ಟಿದ್ದ ಕಾಗದವೂ ನೆನಪಿತ್ತು.

ಮುಂದೆ ಆದದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾಗಾವೋ ಆ ಪಂದ್ಯ ಆಡಲಿಲ್ಲ. ಅಂದೇ ಮಧ್ಯಾಹ್ನ ತೆಗೆದ ಸ್ಕ್ಯಾನಿನಲ್ಲಿ ತಲೆಬುರುಡೆಯ ಒಳಗೆ ತೆಳುವಾದ ರಕ್ತಸ್ರಾವ ಕಂಡಿತು. ಇನ್ನೊಂದು ಡಿಕ್ಕಿಯಾಗಿದ್ದರೆ ಏನಾಗುತ್ತಿತ್ತು ಎಂದು ನಾನು ವೈದ್ಯರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಲೀಗ್ ನನ್ನ ಕಾಲಂ ತೆಗೆದುಹಾಕಿತು. ಪ್ರಶಸ್ತಿಯನ್ನು ಅವನಿಂದ ಹಿಂತೆಗೆದುಕೊಳ್ಳಲಿಲ್ಲ. ಮಾರ್ಚ್‌ನಲ್ಲಿ ನನ್ನ ಕರಾರು ಮುಗಿಯಿತು, ಅದನ್ನು ಮುಂದುವರಿಸುವ ಬಗ್ಗೆ ಯಾರೂ ಮಾತೆತ್ತಲಿಲ್ಲ. ಈಗ ಸಗಮಿಹಾರಾ ಎಂಬ ಊರಿನಲ್ಲಿ ಬೇರೆ ಬಗೆಯ ಅಳತೆಯ ಕೆಲಸದಲ್ಲಿದ್ದೇನೆ. ನಾನು ಅಳೆಯುವ ವಸ್ತುಗಳಿಗೆ ತಾಯಂದಿರಿಲ್ಲ. ನಾಗಾವೋ ಊರಿನಲ್ಲಿದ್ದಾನಂತೆ. ಬೆಳಗಿನ ಹೊತ್ತು ಮಾತ್ರ ಕೆಲಸ ಮಾಡುತ್ತಾನೆ. ಮಧ್ಯಾಹ್ನವಾದ ಮೇಲೆ ಕಾಗದದ ಮೇಲಿನ ಅಕ್ಷರಗಳು ಕದಲುತ್ತವಂತೆ.

ಈ ವೃತ್ತಿಯಲ್ಲಿ ನಾನು ಕಲಿತದ್ದು ಇಷ್ಟು. ಮನುಷ್ಯರನ್ನು ಅಳೆಯುವಾಗ, ಅಳತೆ ಹೇಗೆಂದು ಅವರಿಗೆ ತಿಳಿದ ದಿನದಿಂದ ನಾವು ಅಳೆಯುತ್ತಿರುವುದು ಬೇರೆ ಮನುಷ್ಯರನ್ನು. ಅಂಕ ಏರಿದಾಗ ಸಂತೋಷಪಡುವ ಮುನ್ನ, ಅದನ್ನು ಏರಿಸಲು ಅವರು ಏನು ಕೊಡುತ್ತಿದ್ದಾರೆ ಎಂದು ನೋಡಬೇಕು. ನಾನು ನೋಡಿರಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದ್ದೆ.

ಗೌರವ ಪಂದ್ಯದ ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನು ಮೈದಾನದ ಗೇಟಿನಲ್ಲಿದ್ದೆ. ವೈದ್ಯರು ಎಂಟಕ್ಕೆ ಬಂದರು, ಚಿಕ್ಕ ಮೈಕಟ್ಟಿನ ವಯಸ್ಸಾದವರು. ಪತ್ರವನ್ನು ನಿಂತಲ್ಲೇ ಎರಡು ಸಲ ಓದಿ, ಕೆಳಗೆ ಮುದ್ರೆ ಇರಬೇಕಾದ ಖಾಲಿ ಜಾಗವನ್ನು ನೋಡಿ, ಇದು ಕಂಪನಿಯ ಹೇಳಿಕೆಯೇ ಎಂದು ಕೇಳಿದರು.

"ಅಲ್ಲ," ಎಂದೆ. "ನನ್ನದು."

ಅವರು ಅದನ್ನು ಮಡಚಿ ಒಳಜೇಬಿಗೆ ಹಾಕಿಕೊಂಡು, ಆಟಗಾರರ ಕೋಣೆಯ ಕಡೆ ನಡೆದರು. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು, ರೈಲು ಹತ್ತಿ ಮನೆಗೆ ಹೋಗಬಹುದಾಗಿತ್ತು.

ಪ್ರೇಕ್ಷಕರ ಸಾಲುಗಳು ಇನ್ನೂ ಖಾಲಿಯಿದ್ದವು. ಮುಂದಿನ ಸಾಲಿನಲ್ಲಿ ನಾಗಾವೋನ ತಾಯಿ ಒಬ್ಬರೇ, ತೊಡೆಯ ಮೇಲೆ ಕಂಬಳಿ ಹೊದ್ದು, ಒಳ್ಳೆಯ ಜಾಗ ಸಿಗಲೆಂದು ಆಗಲೇ ಬಂದು ಕೂತಿದ್ದರು. ಅವರ ಮಗನ ಆರೋಗ್ಯದ ಬಗ್ಗೆ ಅವರಿಗೆ ಹೇಳುವ ಹಕ್ಕು ನನಗಿರಲಿಲ್ಲ. ಅದನ್ನು ಅವನು ಅಥವಾ ವೈದ್ಯರು ಹೇಳಬೇಕು. ಆದರೆ ನನ್ನ ತಪ್ಪಿನ ಬಗ್ಗೆ ಹೇಳುವ ಹಕ್ಕು ನನಗಿತ್ತು. ನಾನು ಮೆಟ್ಟಿಲಿಳಿದು ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಅವರು ನಗುತ್ತ ಕಂಬಳಿಯ ಅರ್ಧವನ್ನು ನನ್ನ ಕಡೆ ಎಳೆದರು. ಅದನ್ನು ಹೊದೆಯದೆ, ನಿನ್ನೆ ನೀವು ಹೊಗಳಿದ ಅಂಕ ನಿಜವಾಗಿ ಏನನ್ನು ಅಳೆಯುತ್ತಿತ್ತು ಎಂಬುದನ್ನು ನನಗೆ ಬರುವ ಜಪಾನೀಸ್‌ನಲ್ಲಿ, ಒಂದೊಂದೇ ವಾಕ್ಯವಾಗಿ, ಏನನ್ನೂ ಬಿಡದೆ ಹೇಳಿದೆ.